ಇಂಗಿತಕ್ಕೆ ಇಪ್ಪತ್ತು ಅಂಕ

ಎರಡು ಬೆಳಗು, ಎರಡೂ ಸೇರಿ ಸುಮಾರು ನಾಲ್ಕೂವರೆ ಗಂಟೆ. ರಕ್ತ ತೆಗೆಯಲಿಲ್ಲ, ತಲೆಗೆ ತಂತಿ ಅಂಟಿಸಲಿಲ್ಲ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಗೋಡೆಯ ಮೇಲೊಂದು ಗಡಿಯಾರ, ಎದುರಿಗೆ ಕುಳಿತ ಮನಃಶಾಸ್ತ್ರಜ್ಞೆ. ಅವರು ಮುಖಗಳನ್ನು ತೋರಿಸಿದರು, ಚಿಕ್ಕ ಚಿಕ್ಕ ಕತೆಗಳನ್ನು ಓದಿದರು, ನಾನು ಉತ್ತರ ಹೇಳುತ್ತಾ ಹೋದೆ. ಸ್ಕಿಜೋಫ್ರೇನಿಯಾ ಇರುವವನಿಗೆ ಎದುರಿನವರ ಮನಸ್ಸು ಎಷ್ಟರ ಮಟ್ಟಿಗೆ ತಿಳಿಯುತ್ತದೆ ಎಂದು ಅಳೆಯುವ ಕೆಲಸ ಹೊರಗಿನಿಂದ ನೋಡಿದರೆ ಇಷ್ಟೇ.

ನನಗೆ ಕಾಯಿಲೆ ಶುರುವಾಗಿದ್ದು 23ನೆಯ ವಯಸ್ಸಿನಲ್ಲಿ. ಈಗ 36. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತು ಆರು ವರ್ಷವಾಯಿತು. ಮಾತ್ರೆ ತಪ್ಪಿಸುವುದಿಲ್ಲ. ಹೀಗಿದ್ದೂ ಐದು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟಿದ್ದೆ. ಪ್ರತಿ ಸಲವೂ ಕಾರಣ ಒಂದೇ: ಅಲ್ಲಿಯವರಿಗೆ ನಾನು ಬೇಡವಾಗಿದ್ದೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲೇಬೇಕೇ? ಮುಖ ನೋಡಿದರೆ ತಿಳಿಯುವುದಿಲ್ಲವೇ? ಈ ಮಾತನ್ನು ನನ್ನ ಡಾಕ್ಟರ ಮುಂದೆ ಆಡಿದಾಗ ಅವರು ಬರೆಯುವುದನ್ನು ನಿಲ್ಲಿಸಿ, "ತಿಳಿಯುತ್ತದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿಯೇ ನೋಡೋಣ" ಎಂದರು.

ಮೊದಲು ನನಗೆ ಅವಮಾನವಾಯಿತು. ನನ್ನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದುಕೊಂಡೆ. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಧ್ವನಿ ಮತ್ತು ಸಂಶಯ ತಣ್ಣಗಾದರೆ ಕಾಯಿಲೆ ಮುಗಿಯಿತು ಎಂಬುದು ಮನೆಯವರ ಲೆಕ್ಕ. ಆದರೆ ಗಮನ, ನೆನಪು, ಯೋಚನೆಯ ವೇಗ ಇಂಥವೂ ಈ ಕಾಯಿಲೆಯಲ್ಲಿ ಕುಂದುತ್ತವೆ. ಅವುಗಳ ಮೇಲೆ ಮಾತ್ರೆಯ ಪ್ರಭಾವ ಕಡಿಮೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಬೆಂಬಲದಿಂದ ನಡೆದ ಮ್ಯಾಟ್ರಿಕ್ಸ್ ಎಂಬ ಯೋಜನೆ 2004ರಲ್ಲಿ ಇಂಥ ಏಳು ವಿಭಾಗಗಳನ್ನು ಪಟ್ಟಿ ಮಾಡಿತ್ತು. ಅದರಲ್ಲೊಂದು ಸಾಮಾಜಿಕ ಗ್ರಹಿಕೆ, ಅಂದರೆ ಬೇರೆಯವರ ಭಾವ, ಉದ್ದೇಶ, ಇಂಗಿತಗಳನ್ನು ಅರಿಯುವ ಶಕ್ತಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2011ರಲ್ಲಿ ನೋಡಿದಾಗ, ರೋಗಿ ಹೊರಗಿನ ಬದುಕಿನಲ್ಲಿ ಎಷ್ಟು ನೆಲೆಯಾಗುತ್ತಾನೆ ಎಂಬುದಕ್ಕೆ ನೆನಪು, ಗಮನಗಳಿಗಿಂತ ಇದರ ನಂಟೇ ಗಟ್ಟಿಯಾಗಿ ಕಂಡಿತ್ತಂತೆ. ನಾಲ್ಕು ಕೆಲಸ ಬಿಟ್ಟವನಿಗೆ ಈ ಮಾತು ನಾಟಿತು. ಒಪ್ಪಿಕೊಂಡೆ.

ಅಕ್ಕ ಜೊತೆಗೆ ಬಂದಳು. ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ನನ್ನ ಬಗ್ಗೆ ಕೇಳಿದರು: ತಮಾಷೆ ಮಾಡಿದರೆ ಇವರಿಗೆ ಗೊತ್ತಾಗುತ್ತದೆಯೇ, ನಿಮಗೆ ಬೇಸರವಾದಾಗ ಗಮನಿಸುತ್ತಾರೆಯೇ, ಆತುರದ ತೀರ್ಮಾನಕ್ಕೆ ಬರುತ್ತಾರೆಯೇ. ಇದೇ ಪ್ರಶ್ನೆಗಳನ್ನು ನನಗೂ ಕೇಳಿದ್ದರು. ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಧಾರಾಳವಾಗಿ ನನಗೆ ನಾನೇ ಅಂಕ ಕೊಟ್ಟುಕೊಳ್ಳುತ್ತಿರಲಿಲ್ಲ.

ಮೊದಲ ಒಂದು ಗಂಟೆ ನೆನಪು ಮತ್ತು ಗಮನದ ಪರೀಕ್ಷೆಗಳಿಗೆ ಹೋಯಿತು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಪದಗಳ ಪಟ್ಟಿ ಒಪ್ಪಿಸುವುದು. ಇಂಗಿತ ಅಳೆಯಲು ಬಂದವನಿಗೆ ಇದೇಕೆ ಎಂದರೆ, ಕತೆಯ ಮೊದಲ ಸಾಲನ್ನೇ ಮರೆತವನು ಕೊನೆಯ ಸಾಲಿನ ವ್ಯಂಗ್ಯ ಹಿಡಿಯಲಾರ. ಆ ಸೋಲನ್ನು ಸಾಮಾಜಿಕ ಗ್ರಹಿಕೆಯ ತಲೆಗೆ ಕಟ್ಟಿದರೆ ಅನ್ಯಾಯ. ಇದು ನನಗೆ ಹಿಡಿಸಿತು. ನೆನಪಿನಲ್ಲಿ ನಾನು ಸಾಧಾರಣ, ಗಮನದಲ್ಲಿ ತುಸು ಹಿಂದೆ.

ಆಮೇಲೆ ಮುಖಗಳು. ಪರದೆಯ ಮೇಲೆ ಒಂದೊಂದಾಗಿ 40 ಬಣ್ಣದ ಫೋಟೊ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದನ್ನು ಚಿಕ್ಕದಾಗಿ ಇಆರ್-40 ಎನ್ನುತ್ತಾರೆ. ಆಯ್ಕೆ ಐದು: ಸಂತೋಷ, ದುಃಖ, ಸಿಟ್ಟು, ಭಯ, ಯಾವ ಭಾವವೂ ಇಲ್ಲ. ಸುಲಭ ಎಂದುಕೊಂಡೆ. ನಗುವ ಮುಖಗಳು ನಿಜವಾಗಿಯೂ ಸುಲಭವೇ. ಹಲ್ಲು ಕಂಡರೆ ಸಂತೋಷ ಎಂದು ಒತ್ತುತ್ತಾ ಹೋದೆ. ತೊಡಕಾದದ್ದು ತುಟಿ ಮುಚ್ಚಿಕೊಂಡು ನೆಟ್ಟಗೆ ನನ್ನನ್ನೇ ನೋಡುವ ಮುಖಗಳಲ್ಲಿ. ಅವು ಏನನ್ನೋ ಬಚ್ಚಿಟ್ಟುಕೊಂಡಿವೆ ಅನ್ನಿಸಿತು. ಬಚ್ಚಿಡುವುದು ಏನನ್ನು? ಒಳ್ಳೆಯದನ್ನಂತೂ ಅಲ್ಲ. ಸಿಟ್ಟು ಎಂದು ಒತ್ತಿದೆ. ಮುಂದಿನದು, ಸಿಟ್ಟು. ಹೀಗೆ ಒತ್ತುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಗೊತ್ತಿಲ್ಲದೆ ತಪ್ಪು ಮಾಡುವುದು ಬೇರೆ, ಗಟ್ಟಿಯಾಗಿ ಗೊತ್ತಿದ್ದೂ ತಪ್ಪು ಮಾಡುವುದು ಬೇರೆ. ನನ್ನದು ಎರಡನೆಯ ಜಾತಿ.

ಈ ನಡುವೆ ಮನಃಶಾಸ್ತ್ರಜ್ಞೆಯ ಮುಖವನ್ನೂ ನೋಡುತ್ತಿದ್ದೆ. ಸರಿ ಹೇಳಿದರೂ ಅದೇ ಮುಖ, ತಪ್ಪು ಹೇಳಿದರೂ ಅದೇ ಮುಖ. "ಸರಿ, ಮುಂದಿನದು" ಎಂಬ ಒಂದೇ ರಾಗ. ಆಗಾಗ ಗೋಡೆಯ ಗಡಿಯಾರದ ಕಡೆ ಕಣ್ಣು ಹೋಗುತ್ತಿತ್ತು. ನನ್ನಿಂದ ಇವರಿಗೆ ಸಾಕಾಗಿದೆ, ಡಾಕ್ಟರು ಕಳಿಸಿದ್ದಾರೆಂದು ಸಹಿಸಿಕೊಂಡು ಕೂತಿದ್ದಾರೆ ಎಂದು ಖಾತ್ರಿಯಾಯಿತು. ಬಿಡುವು ಕೊಟ್ಟಾಗ ಹೊರಗೆ ಬಂದು ಅಕ್ಕನಿಗೆ "ಮನೆಗೆ ಹೋಗೋಣ" ಎಂದೆ. ಅವಳು "ಅವರು ಬೈದರೇ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದರೆ ಒಳಗೆ ಹೋಗು" ಎಂದಳು. ಅಕ್ಕನ ಮನಃಶಾಸ್ತ್ರ ಅಷ್ಟೇ ಚಿಕ್ಕದು.

ಒಳಗೆ ಹೋದರೆ ಈ ಸಲ ಬರೀ ಕಣ್ಣುಗಳು. ಬ್ರಿಟನ್ನಿನ ಮನಃಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ಅವರ ತಂಡ 2001ರಲ್ಲಿ ಪರಿಷ್ಕರಿಸಿದ ಪರೀಕ್ಷೆ ಇದು: ಮೂಗಿನ ಮೇಲಿನ ಪಟ್ಟಿಯಷ್ಟನ್ನೇ ಕತ್ತರಿಸಿದ 36 ಕಪ್ಪುಬಿಳುಪು ಚಿತ್ರಗಳು, ಪ್ರತಿ ಚಿತ್ರದ ಸುತ್ತ ನಾಲ್ಕು ಪದ. ಆ ಕಣ್ಣಿಗೆ ಹೊಂದುವ ಪದ ಆರಿಸಬೇಕು. ಇಲ್ಲಿ ನನಗೆ ಜಗಳ ಬಂದದ್ದು ಕಣ್ಣುಗಳ ಜೊತೆಗಲ್ಲ, ಪದಗಳ ಜೊತೆಗೆ. ಕನ್ನಡದಲ್ಲಿ ಬೇಸರ ಎಂದರೆ ಏನು? ಮಾಡಲು ಕೆಲಸವಿಲ್ಲದಾಗಲೂ ಬೇಸರ, ಯಾರೋ ನೋಯಿಸಿದಾಗಲೂ ಬೇಸರ, ಒಂದೇ ಮಾತನ್ನು ಹತ್ತು ಸಲ ಕೇಳಿದಾಗಲೂ ಬೇಸರ. ಇಂಗ್ಲಿಷಿನಲ್ಲಿ ಮೂರು ಬೇರೆ ಪದಗಳಾಗುವ ಮೂರು ಮುಖಗಳು ನಮ್ಮಲ್ಲಿ ಒಂದೇ ಪದದ ಕೆಳಗೆ ಕೂರುತ್ತವೆ. ಇನ್ನೊಂದು ಕಡೆ, ಸಿಟ್ಟು ಮತ್ತು ಮುನಿಸಿನ ನಡುವೆ ನಾವು ಮಾಡುವ ವ್ಯತ್ಯಾಸಕ್ಕೆ ಆ ನಾಲ್ಕು ಪದಗಳಲ್ಲಿ ಜಾಗವೇ ಇರಲಿಲ್ಲ. ಒಂದು ಹೆಂಗಸಿನ ಕಣ್ಣಿಗೆ "ಇದು ಮುನಿಸು, ಹತ್ತಿರದವರ ಮೇಲಿನದು" ಎಂದೆ. "ಕೊಟ್ಟಿರುವುದರಲ್ಲೇ ಆರಿಸಿ" ಎಂದರು. ಆರಿಸಿದೆ, ಒಲ್ಲದ ಮನಸ್ಸಿನಿಂದ.

ನನ್ನ ತಕರಾರು ತೀರ ಹಟಮಾರಿತನದ್ದಲ್ಲ ಎಂದು ಆಮೇಲೆ ತಿಳಿಯಿತು. ಈ ಪರೀಕ್ಷೆ ಮನಸ್ಸನ್ನು ಅರಿಯುವ ಶಕ್ತಿಯ ಜೊತೆಗೆ ಪದಸಂಪತ್ತನ್ನೂ ಅಳೆದುಬಿಡುತ್ತದೆ ಎಂಬ ಟೀಕೆ ಹಳೆಯದು. ಜನ ತಮ್ಮ ಸಮುದಾಯದ ಮುಖಗಳಲ್ಲಿ ಭಾವವನ್ನು ಹೆಚ್ಚು ಸರಿಯಾಗಿ ಗುರುತಿಸುತ್ತಾರೆ ಎಂಬುದೂ ಸಂಶೋಧನೆಗಳಲ್ಲಿ ಕಂಡ ಸಂಗತಿ. ಹಾಗಾಗಿ ಒಂದು ಕಡೆ ಹುಟ್ಟಿದ ಪರೀಕ್ಷೆಯನ್ನು ಇನ್ನೊಂದು ಕಡೆಗೆ ಒಯ್ಯುವಾಗ ಪದ ಬದಲಿಸಿದರೆ ಸಾಲದು, ಸನ್ನಿವೇಶವನ್ನೇ ಒಗ್ಗಿಸಬೇಕು. ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ 'ಸೊಕ್ರಾಟಿಸ್' ಎಂಬ ಪರೀಕ್ಷೆಗಳ ಕಟ್ಟು ಭಾರತೀಯ ಬಳಕೆಗಾಗಿ ಹೀಗೆ ಒಗ್ಗಿಸಿದ್ದೇ.

ಅವತ್ತಿನ ಕೊನೆಗೆ ವಿಡಿಯೊ ತುಣುಕುಗಳು. ಬೆಲ್ ಮತ್ತು ಲೈಸಾಕರ್ ಹೆಸರಿನ, ಬ್ಲರ್ಟ್ ಎಂದು ಕರೆಯುವ ಪರೀಕ್ಷೆ. ಒಬ್ಬನೇ ನಟ, ತಲಾ ಹತ್ತು ಸೆಕೆಂಡಿನ 21 ತುಣುಕು, ಏಳು ಭಾವ. ಅದೇ ಮನುಷ್ಯ ಕೆಲಸದ ಬಗ್ಗೆ ಏನೋ ಮಾತಾಡುತ್ತಾನೆ. ಸ್ವರ, ಹುಬ್ಬು, ಭುಜಗಳಷ್ಟೇ ಬದಲಾಗುತ್ತವೆ. ವಿಚಿತ್ರವೆಂದರೆ ನಿಂತ ಫೋಟೊಗಳಿಗಿಂತ ಇದರಲ್ಲಿ ನಾನು ಚೆನ್ನಾಗಿ ಮಾಡಿದೆ. ಸ್ವರ ನನಗೆ ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ಇಲ್ಲದ ಧ್ವನಿಗಳನ್ನು ಕೇಳಿದ್ದಕ್ಕೆ ಇದ್ದ ಧ್ವನಿ ಕೊಟ್ಟ ಪರಿಹಾರ ಇರಬಹುದು ಎಂದು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

ಎರಡನೆಯ ದಿನ ಕತೆಗಳ ಸರದಿ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಸುಳಿವಿನ ಪರೀಕ್ಷೆ. ಕಾರ್ಕೊರಾನ್, ಮರ್ಸರ್, ಫ್ರಿತ್ ಎಂಬ ಮೂವರು ಸಂಶೋಧಕರು 1995ರಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆಂದೇ ಕಟ್ಟಿದ್ದು. ಹತ್ತು ಪುಟ್ಟ ಪ್ರಸಂಗ. ಪ್ರತಿಯೊಂದರ ಕೊನೆಯಲ್ಲೂ ಒಬ್ಬರು ಒಂದು ಮಾತನ್ನು ಸುತ್ತಿ ಬಳಸಿ ಆಡುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಏನು ಎಂದು ಹೇಳಬೇಕು. ಮೊದಲ ಸುಳಿವಿಗೇ ಹಿಡಿದರೆ 2 ಅಂಕ. ಆಗದಿದ್ದರೆ ಇನ್ನಷ್ಟು ಬಿಡಿಸಿದ ಎರಡನೆಯ ಸುಳಿವು, ಆಗ ಹಿಡಿದರೆ 1. ಇಲ್ಲವಾದರೆ ಸೊನ್ನೆ. ಒಟ್ಟು 20. ಕಾಯಿಲೆ ಇಲ್ಲದವರಲ್ಲಿ ಬಹಳ ಮಂದಿ ತುದಿಯ ಹತ್ತಿರವೇ ಇರುತ್ತಾರೆ.

ಪರೀಕ್ಷೆಯ ಪ್ರಸಂಗಗಳನ್ನು ಹೀಗೆ ಹೊರಗೆ ಹಾಕುವುದು ತರವಲ್ಲ. ಮುಂದೆ ಬರೆಯುವವರಿಗೆ ಉತ್ತರ ಮೊದಲೇ ತಿಳಿದಂತಾಗುತ್ತದೆ. ಅಂಥದ್ದೇ ಒಂದನ್ನು ನಾನೇ ಕಟ್ಟಿ ಹೇಳುತ್ತೇನೆ, ನನ್ನ ಉತ್ತರದ ದಾರಿ ಮಾತ್ರ ನಿಜವಾದದ್ದು. ಕಚೇರಿಯಲ್ಲಿ ಒಬ್ಬಾಕೆ ಕಿಟಕಿಯ ಪಕ್ಕ ಕುಳಿತ ಸಹೋದ್ಯೋಗಿಯ ಬಳಿ ಬಂದು "ಎಷ್ಟು ಸೆಕೆ ಇದೆ ಇಲ್ಲಿ!" ಎನ್ನುತ್ತಾಳೆ. ಅವಳಿಗೆ ಏನು ಬೇಕು? ನಾನೆಂದೆ: "ಅವನು ಆ ಜಾಗ ಬಿಟ್ಟು ಏಳಬೇಕು. ಅವನಿಗೆ ಒಳ್ಳೆಯ ಜಾಗ ಸಿಕ್ಕಿದ್ದು ಅವಳಿಗೆ ಮೊದಲಿನಿಂದಲೂ ಸಹಿಸುತ್ತಿಲ್ಲ." ಎರಡನೆಯ ಸುಳಿವು ಬಂತು: "ಸ್ವಲ್ಪ ಗಾಳಿ ಒಳಗೆ ಬಂದರೆ ಚೆನ್ನಾಗಿತ್ತು." ನಾನೆಂದೆ: "ನೋಡಿ, ಅವನೇ ಗಾಳಿಗೆ ಅಡ್ಡ ಎಂದು ಈಗ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಾಳೆ."

ಕಿಟಕಿ ತೆರೆ ಎನ್ನುತ್ತಿದ್ದಾಳೆ, ಅಷ್ಟೇ. ನಿಮಗೆ ನಗು ಬಂದಿರಬಹುದು. ನನಗೂ ಈಗ ಬರುತ್ತದೆ. ಆವತ್ತು ಆ ಸಹೋದ್ಯೋಗಿಯ ಪರವಾಗಿ ನನ್ನ ಎದೆ ಬಡಿದುಕೊಳ್ಳುತ್ತಿತ್ತು.

ಒಂದು ವಿಷಯ ಗಮನಿಸಿದೆ. ನಾನು ಉತ್ತರ ಹೇಳಿದ ಮೇಲೆ ಮನಃಶಾಸ್ತ್ರಜ್ಞೆ ಬರೀ ಅಂಕ ಹಾಕಿ ಮುಂದೆ ಹೋಗಲಿಲ್ಲ. ಹೇಳಿದ ಮಾತನ್ನೆಲ್ಲ ಹಾಳೆಯ ಅಂಚಿನಲ್ಲಿ ಅಕ್ಷರಶಃ ಬರೆದುಕೊಂಡರು. ನಿಧಾನವಾಗಿ, ಕೆಲವೊಮ್ಮೆ "ಇನ್ನೊಮ್ಮೆ ಹೇಳುತ್ತೀರಾ?" ಎಂದು ಕೇಳಿ. ಪೊಲೀಸರು ಹೇಳಿಕೆ ಬರೆದುಕೊಳ್ಳುವ ಹಾಗಿದೆ ಎಂದು ಆಗ ಮೈ ಉರಿದಿತ್ತು. ಇಡೀ ಪರೀಕ್ಷೆಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಆ ಅಂಚಿನ ಬರಹವೇ.

ಮುಂದೆ ಎಡವಟ್ಟು ಮಾತಿನ ಕತೆಗಳು ಬಂದವು: ಯಾರೋ ಗೊತ್ತಿಲ್ಲದೆ ಆಡಬಾರದ್ದನ್ನು ಆಡಿಬಿಡುತ್ತಾರೆ, ಯಾರು ಆಡಿದರು, ಏಕೆ ಆಡಬಾರದಿತ್ತು, ಬೇಕೆಂದೇ ಆಡಿದರೇ ಎಂದು ಹೇಳಬೇಕು. ಎಡವಟ್ಟನ್ನು ನಾನು ಪ್ರತಿ ಸಲವೂ ಹಿಡಿದೆ. "ಬೇಕೆಂದೇ ಆಡಿದರೇ?" ಎಂಬುದಕ್ಕೆ ಪ್ರತಿ ಸಲವೂ ಹೌದು ಎಂದೆ.

ಹಗೆತನದ ಪ್ರಶ್ನಾವಳಿ ಎನ್ನಬಹುದಾದ ಇನ್ನೊಂದಿದೆ. ಪರಿಚಿತರು ಎದುರಿಗೆ ಬಂದರೂ ಮಾತಾಡಿಸದೆ ಹೋದರು ಎಂಬಂಥ ಸನ್ನಿವೇಶಗಳು. ಕೆಲವು ಸ್ಪಷ್ಟವಾಗಿ ಆಕಸ್ಮಿಕ, ಕೆಲವು ಸ್ಪಷ್ಟವಾಗಿ ಉದ್ದೇಶಪೂರ್ವಕ, ಕೆಲವು ಎರಡೂ ಆಗಿರಬಹುದಾದವು. ಏಕೆ ಹೀಗಾಯಿತು, ಅವರದೆಷ್ಟು ತಪ್ಪು, ನಿಮಗೆಷ್ಟು ಸಿಟ್ಟು ಬಂತು, ನೀವೇನು ಮಾಡುತ್ತಿದ್ದಿರಿ. ಇಲ್ಲಿ ನಾನು ಮೋಸ ಮಾಡಿದೆ. ಯಾವ ಉತ್ತರ ನಿರೀಕ್ಷಿಸುತ್ತಿದ್ದಾರೆ ಎಂದು ಕಾಣುತ್ತಿತ್ತು. ಸಾಧುವಿನ ಹಾಗೆ ಬರೆದೆ. ಅಳತೆಗೋಲುಗಳನ್ನೇ ಅಳೆದು ನೋಡಿದ ಸ್ಕೋಪ್ ಎಂಬ ಸಂಶೋಧನಾ ಯೋಜನೆಯಲ್ಲಿ ಈ ಪ್ರಶ್ನಾವಳಿ ಅಷ್ಟಾಗಿ ಪಾಸಾಗಲಿಲ್ಲವಂತೆ. 2018ರ ಹೊತ್ತಿಗೆ ಆ ಯೋಜನೆ ಗಟ್ಟಿ ಎಂದು ಎತ್ತಿಹಿಡಿದದ್ದು ಬ್ಲರ್ಟ್ ಮತ್ತು ಸುಳಿವಿನ ಪರೀಕ್ಷೆ ಎರಡನ್ನು. ನನ್ನಂಥ ಸಾಧುಗಳು ಎಲ್ಲ ಕಡೆಯೂ ಇದ್ದಾರೆ ಎಂದು ಸಮಾಧಾನಪಟ್ಟುಕೊಂಡೆ.

ಕೊನೆಯದು ಒಂದು ಚಿಕ್ಕ ಸಿನಿಮಾ. ನಾಲ್ವರು ಸಂಜೆಯ ಊಟಕ್ಕೆ ಸೇರುತ್ತಾರೆ, ಮಾತಾಡುತ್ತಾರೆ. ಅಲ್ಲಲ್ಲಿ ನಿಲ್ಲಿಸಿ, ಈಗ ಈಕೆ ಏನು ಯೋಚಿಸುತ್ತಿದ್ದಾಳೆ ಎಂದು ಕೇಳುತ್ತಾರೆ. 2006ರಲ್ಲಿ ಪ್ರಕಟವಾದ ಇದರ ಹೆಸರು ಮ್ಯಾಸ್ಕ್. ಇದರ ಚಮತ್ಕಾರ ಇರುವುದು ತಪ್ಪು ಉತ್ತರಗಳಲ್ಲಿ. ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ. ಒಂದು, ಮನಸ್ಸಿನ ವಿಚಾರವೇ ಇಲ್ಲದ ಒಣ ಉತ್ತರ. ಇನ್ನೊಂದು, ಇಂಗಿತವನ್ನು ಅರೆಬರೆ ಹಿಡಿದದ್ದು. ಮತ್ತೊಂದು, ಇಲ್ಲದ ಇಂಗಿತವನ್ನು ಹೆಣೆದದ್ದು. ಹಾಗಾಗಿ ಎಷ್ಟು ತಪ್ಪಾಯಿತು ಎಂಬುದರ ಜೊತೆಗೆ ಯಾವ ದಿಕ್ಕಿಗೆ ತಪ್ಪಿತು ಎಂಬುದೂ ತಿಳಿಯುತ್ತದೆ.

ವಾರದ ನಂತರ ಮನಃಶಾಸ್ತ್ರಜ್ಞೆ ಫಲಿತಾಂಶ ಹೇಳಲು ಕರೆದರು. ಅಕ್ಕ ಒಳಗೆ ಬರಲಿ ಎಂದು ನಾನೇ ಕೇಳಿಕೊಂಡೆ.

ಸುಳಿವಿನ ಪರೀಕ್ಷೆಯಲ್ಲಿ 20ಕ್ಕೆ 13. ಫೋಟೊಗಳಲ್ಲಿ ಭಾವವಿಲ್ಲದ ಎಂಟು ಮುಖಗಳ ಪೈಕಿ ಐದಕ್ಕೆ ಸಿಟ್ಟು ಎಂದಿದ್ದೆ. ಖಾಲಿ ಮುಖದಲ್ಲಿ ಕೆಟ್ಟ ಭಾವ ಕಾಣುವುದು ಈ ಕಾಯಿಲೆಯಲ್ಲಿ ಹಲವರಿಗೆ ಆಗುತ್ತದೆ ಎಂದರು. ಮುಖ ನೋಡುವಾಗ ಕಣ್ಣು ಬಾಯಿಗಳ ನಡುವೆ ನೋಟ ಓಡಾಡಬೇಕು. ಅದು ಒಂದೇ ಕಡೆ ನೆಟ್ಟು ನಿಲ್ಲುವುದೂ ಉಂಟಂತೆ. ಆಮೇಲೆ ಆ ಅಂಚಿನ ಬರಹಗಳನ್ನು ನನ್ನ ಮುಂದಿಟ್ಟು, "ನೀವೇ ಓದಿ" ಎಂದರು. ಓದಿದೆ. ನಾನು ಅಂಕ ಕಳೆದುಕೊಂಡ ಪ್ರಸಂಗಗಳ ಜನರೆಲ್ಲ ಒಬ್ಬರನ್ನೊಬ್ಬರು ಓಡಿಸಲು ಹೊಂಚುತ್ತಿದ್ದರು. ಬೇರೆ ಬೇರೆ ಕತೆಗಳಿಗೆ ನಾನು ಒಂದೇ ಕತೆಯನ್ನು ಉತ್ತರವಾಗಿ ಕೊಟ್ಟಿದ್ದೆ.

"ಇಂಗಿತ ತಿಳಿಯದವರಿಗೂ 13 ಬರಬಹುದು. ನಿಮ್ಮ 13 ಬೇರೆ," ಎಂದರು. "ಮಾತಿನ ಹಿಂದೆ ಇನ್ನೊಂದು ಮಾತಿದೆ ಎಂದು ನಿಮಗೆ ಪ್ರತಿ ಸಲವೂ ಗೊತ್ತಾಗಿದೆ. ಅಲ್ಲಿಗೆ ನಿಲ್ಲಿಸದೆ ಅದರ ಹಿಂದೆ ಮತ್ತೊಂದನ್ನು ಹುಡುಕಿದ್ದೀರಿ." ಸಿನಿಮಾದ ತಪ್ಪುಗಳೂ ಬಹುಪಾಲು ಅದೇ ದಿಕ್ಕಿನವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆಯಲ್ಲ, ಕದಿಯದೆಯೂ ಹೆಗಲು ಮುಟ್ಟಿಕೊಳ್ಳುವವನ ಕತೆ ನನ್ನದು.

ಆಗ ನಾನು ಗಡಿಯಾರದ ವಿಷಯ ಎತ್ತಿದೆ. "ಮೊದಲ ದಿನ ನಿಮಗೆ ನನ್ನ ಮೇಲೆ ಸಿಟ್ಟಿತ್ತಲ್ಲವೇ?" ಎಂದು ಕೇಳಿಯೇಬಿಟ್ಟೆ. ಅವರು ತಬ್ಬಿಬ್ಬಾದರು. ಸರಿ ತಪ್ಪುಗಳ ಸುಳಿವು ಮುಖದಲ್ಲಿ ಕಾಣಬಾರದೆಂಬುದು ಪರೀಕ್ಷೆ ನಡೆಸುವವರು ಪಾಲಿಸಬೇಕಾದ ನಿಯಮವಂತೆ. ಗಡಿಯಾರ ನೋಡುತ್ತಿದ್ದದ್ದು ನನಗೆ ದಣಿವಾಗುವ ಮೊದಲೇ ಬಿಡುವು ಕೊಡಲು. ಬಿಡುವಿನ ಮಾತು ನಾನು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲೇ ಇತ್ತು. "ಇದನ್ನು ನಾನು ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ತಪ್ಪು ನನ್ನದು," ಎಂದರು. 40 ಮುಖಗಳ ಪರೀಕ್ಷೆಯ ಉದ್ದಕ್ಕೂ 41ನೆಯ ಖಾಲಿ ಮುಖವೊಂದು ನನ್ನೆದುರು ಕೂತಿತ್ತು, ಅದಕ್ಕೂ ನಾನು ಸಿಟ್ಟು ಎಂದೇ ಒತ್ತಿದ್ದೆ.

ಒಂದು ಪ್ರಶ್ನೆಗೆ ಮಾತ್ರ ಅವರ ಬಳಿ ಅಂಕವಿರಲಿಲ್ಲ. ಮಾತ್ರೆಯಿಂದಲೋ ಕಾಯಿಲೆಯಿಂದಲೋ ನನ್ನ ಮುಖವೂ ಮರಗಟ್ಟಿದಂತಿರುತ್ತದೆ. ಒಳಗೆ ನಗುತ್ತಿದ್ದರೂ ಹೊರಗೆ ಕಾಣುವುದಿಲ್ಲ ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಾಳೆ. ಹಾಗಾದರೆ ಆ ನಾಲ್ಕು ಕಚೇರಿಗಳಲ್ಲಿ ನನ್ನನ್ನು ನೋಡಿದವರೂ ಏನನ್ನೋ ಒತ್ತಿರಬೇಕಲ್ಲ? ಅವರನ್ನು ಕೂರಿಸಿ ಪರೀಕ್ಷೆ ಮಾಡುವವರು ಯಾರು? ಮನಃಶಾಸ್ತ್ರಜ್ಞೆ ಇದನ್ನೂ ಅಂಚಿನಲ್ಲಿ ಬರೆದುಕೊಂಡರು.

ಅದಾಗಿ ಎಂಟು ತಿಂಗಳಾಗಿವೆ. ಈ ನಡುವೆ ವಾರಕ್ಕೊಮ್ಮೆ ಸೇರುವ ಒಂದು ತರಬೇತಿ ಗುಂಪಿಗೆ ಹೋಗಿ ಬಂದೆ. ಅಲ್ಲಿ ಕಲಿಸಿದ ಒಂದು ಅಭ್ಯಾಸ ಉಳಿದಿದೆ: ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು. ಬಲಗಡೆ ಕನಿಷ್ಠ ಮೂರು ಊಹೆ ಇರಬೇಕು, ಒಂದಾದರೂ ನನಗೆ ಸಂಬಂಧಿಸದ್ದಾಗಿರಬೇಕು. ಆಮೇಲೆ, ಸಾಧ್ಯವಾದರೆ, ಹೋಗಿ ಕೇಳಬೇಕು. ಈ ಕೇಳುವುದಿದೆಯಲ್ಲ, ಅದಕ್ಕಿಂತ ಕೆಲಸ ಬಿಡುವುದು ಸುಲಭ. ಐದನೆಯ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು.

ಮೊನ್ನೆ ಸಂಜೆ ಅಕ್ಕನ ಜೊತೆ ನಡೆದು ಬರುತ್ತಿದ್ದೆ. ಅವಳು ಹತ್ತು ನಿಮಿಷದಿಂದ ಮಾತಾಡಿರಲಿಲ್ಲ, ಹುಬ್ಬು ಗಂಟಿಕ್ಕಿಕೊಂಡಿತ್ತು. ಮನಸ್ಸಿನಲ್ಲೇ ಗೆರೆ ಎಳೆದೆ. ಬೆಳಿಗ್ಗೆ ಫೋನ್ ಎತ್ತಲಿಲ್ಲವೆಂದು ಮುನಿಸು. ನನ್ನನ್ನು ನೋಡಿಕೊಂಡು ಸಾಕಾಗಿದೆ. ನನಗೆ ಸಂಬಂಧಿಸದ ಮೂರನೆಯದಾಗಿ, ಅವಳ ಕಚೇರಿಯಲ್ಲಿ ಏನೋ ಆಗಿದೆ. ಮೂರೂ ಸಿದ್ಧವಾದ ಮೇಲೆ "ಬೇಸರವೇ?" ಎಂದು ಕೇಳಿದೆ.

"ಚಪ್ಪಲಿ ಕಚ್ಚುತ್ತಿದೆ," ಎಂದಳು.